ಕಣ್ಣಿನ ದೂರು, ಮೈಯ ಮಾತು

ಕಣ್ಣು ಕೆಂಪಾಗಿ, ನೀರು ಸುರಿದು, ಬೆಳಗಾಗುವಷ್ಟರಲ್ಲಿ ರೆಪ್ಪೆಗಳು ಅಂಟಿಕೊಂಡರೆ ನಮ್ಮ ನೆರೆಯ ಮರಾಠಿಗರು ‘ಡೋಳೆ ಆಲೇ’ ಎನ್ನುತ್ತಾರೆ. ಬಾಗಲಕೋಟೆ, ವಿಜಯಪುರಗಳ ಕಡೆಯಿಂದ ಬಂದ ನಮ್ಮವರು ‘ಕಣ್ಣು ಬಂದಾವ’ ಎನ್ನುತ್ತಾರೆ. ಹಳೆಯ ಮೈಸೂರಿನವರಿಗೆ ಅದು ಕಣ್ಣುಬೇನೆ. ಬೆಂಗಳೂರಿನವರಿಗೆ ಮದ್ರಾಸ್ ಐ. ಹೆಸರು ಯಾವುದಾದರೂ ಹಿಂದಿರುವ ನಂಬಿಕೆ ಒಂದೇ: ಇದು ಬಂದದ್ದು, ಆದ್ದರಿಂದ ಹೋಗುವಂಥದ್ದು. 2023ರ ಮಳೆಗಾಲದಲ್ಲಿ ಮಹಾರಾಷ್ಟ್ರ, ಕರ್ನಾಟಕಗಳೆರಡರಲ್ಲೂ ಮನೆಮನೆಗೆ ಹಬ್ಬಿದ ಕಣ್ಣುಬೇನೆ ಹಾಗೆಯೇ ಬಂದು ಹಾಗೆಯೇ ಹೋಯಿತು. ಬಹುಪಾಲು ಕೆಂಗಣ್ಣುಗಳ ಚರಿತ್ರೆ ಇಷ್ಟೇ. ಅದನ್ನು ಅಲ್ಲಗಳೆಯುವ ಉದ್ದೇಶ ನಮಗಿಲ್ಲ.

ನಾವು ಹೇಳಹೊರಟಿರುವುದು ಉಳಿದ ಅಲ್ಪಪಾಲಿನ ಕುರಿತು. ಹೋದಂತೆ ಮಾಡಿ ಮತ್ತೆ ಮರಳುವ ಕೆಂಪು, ಎಷ್ಟು ಹನಿ ಹಾಕಿದರೂ ನೀಗದ ಉರಿ, ನಾಲ್ಕೇ ದಿನಗಳಲ್ಲಿ ಮಂಕಾಗುವ ದೃಷ್ಟಿ, ಸಂಜೆಯಾಗುತ್ತಲೇ ಜೋಲುವ ರೆಪ್ಪೆ - ಇವುಗಳ ಮೂಲ ಎಷ್ಟೋ ಸಲ ಕಣ್ಣಿನಲ್ಲಿ ಇರುವುದಿಲ್ಲ. ಮೈಯನ್ನು ಕಾಯಬೇಕಾದ ರಕ್ಷಣಾ ವ್ಯವಸ್ಥೆಯೇ ತನ್ನ ಮೈಯನ್ನು ಪರಕೀಯವೆಂದು ಬಗೆದು ದಾಳಿಯಿಡುವ ರೋಗಗಳಿವೆ. ವೈದ್ಯರು ಅವನ್ನು ಆಟೋಇಮ್ಯೂನ್ ರೋಗಗಳೆನ್ನುತ್ತಾರೆ. ಕೀಲು, ಬೆನ್ನುಮೂಳೆ, ಗ್ರಂಥಿ, ನರ ಎಲ್ಲಿ ಬೇಕಾದರೂ ನೆಲೆಯೂರಬಲ್ಲ ಈ ರೋಗಗಳ ಮೊದಲ ದೂರು ಕೆಲವೊಮ್ಮೆ ಕಣ್ಣಿನಿಂದಲೇ ದಾಖಲಾಗುತ್ತದೆ. ಆ ದೂರನ್ನು ಕೇಳಿಸಿಕೊಳ್ಳುವ ಹೊಣೆ ವೈದ್ಯರದಷ್ಟೇ ಆಗಿರದೆ, ಊರು ಬಿಟ್ಟು ಪರಭಾಷೆಯ ನೆಲದಲ್ಲಿ ಬದುಕುತ್ತಿರುವ ನಮ್ಮಂಥ ಬಳಗಗಳದೂ ಆಗಿದೆ ಎಂಬುದು ನಮ್ಮ ವಾದ.

ನಾಗಪುರದ ಪಶ್ಚಿಮದಂಚಿನ ಹಿಂಗಣಾ, ಕಣ್ಣು ಕೆಂಪಾಗಲು ಕಾರಣಗಳಿಗೆ ಬರವಿಲ್ಲದ ಊರು. ಮೇ ತಿಂಗಳಲ್ಲಿ ಬಿಸಿಲು 45 ಡಿಗ್ರಿ ದಾಟುತ್ತದೆ. ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಟ್ರ್ಯಾಕ್ಟರ್ ಕಾರ್ಖಾನೆಯಿಂದ ಹಿಡಿದು ಚಿಕ್ಕ ಚಿಕ್ಕ ಶೆಡ್ಡುಗಳವರೆಗೆ ವೆಲ್ಡಿಂಗಿನ ಕಿಡಿ, ಲೋಹದ ಪುಡಿ. ರಸ್ತೆಗಿಳಿದರೆ ಲಾರಿಗಳೆಬ್ಬಿಸುವ ಧೂಳು. ಊರಾಚೆ ಹತ್ತಿಯ ಹೊಲಗಳ ಗಾಳಿ. ಹೀಗಿರುವಾಗ ಕೆಂಗಣ್ಣಿಗೆ ಯಾರು ತಾನೇ ಬೇರೆ ಕಾರಣ ಹುಡುಕುತ್ತಾರೆ? ‘ಬಿಸಲಿಗೆ ಆಗಿರಬೇಕು ಬಿಡು’ ಎಂಬ ಒಂದು ಮಾತಿಗೆ ವಿಚಾರಣೆ ಮುಗಿಯುತ್ತದೆ. ಊರಿನಲ್ಲಾದರೆ ಅಜ್ಜಿ ನಂದಿಬಟ್ಟಲ ಹೂವು ತರುತ್ತಿದ್ದಳು. ಇಲ್ಲಿ ಮೂಲೆಯ ಮೆಡಿಕಲ್ ಅಂಗಡಿಯವನು ಹನಿಮದ್ದಿನ ಸೀಸೆ ಕೊಡುತ್ತಾನೆ.

ಇಂಥ ಕಾರ್ಖಾನೆಯೊಂದರಲ್ಲಿ ದುಡಿಯುವ, ಮೂವತ್ತರ ಆಸುಪಾಸಿನ ಫಿಟ್ಟರ್ ಒಬ್ಬನನ್ನು ಊಹಿಸಿಕೊಳ್ಳೋಣ. ಒಂದು ದಿನ ಅವನ ಬಲಗಣ್ಣು ಕೆಂಪಾಗುತ್ತದೆ. ಪಿಚ್ಚಿಲ್ಲ, ಆದರೆ ಬೆಳಕು ಸೂಜಿಯಂತೆ ಚುಚ್ಚುತ್ತದೆ, ನೋಟ ಮಬ್ಬಾಗುತ್ತದೆ. ಹನಿ ಹಾಕುತ್ತಾನೆ, ವಾರದಲ್ಲಿ ಇಳಿಯುತ್ತದೆ. ಆರು ತಿಂಗಳ ಮೇಲೆ ಎಡಗಣ್ಣು. ಮರುವರ್ಷ ಮತ್ತೆ ಬಲಗಣ್ಣು. ಇದರ ನಡುವೆ ಅವನಿಗೊಂದು ಸೊಂಟನೋವೂ ಇದೆ. ಬೆಳಿಗ್ಗೆ ಎದ್ದಾಗ ಬೆನ್ನು ಮರದ ಹಲಗೆಯಂತೆ ಸೆಟೆದಿರುತ್ತದೆ. ಓಡಾಡಿದ ಮೇಲೆ ಸಡಿಲಾಗುತ್ತದೆ. ಭಾರ ಎತ್ತಿದ್ದರ ಫಲವೆಂದು ಅವನು ತಿಳಿದಿದ್ದಾನೆ. ಕಣ್ಣಿನ ಡಾಕ್ಟರಿಗೆ ಸೊಂಟದ ಸಂಗತಿ ಹೇಳಬೇಕೆಂದು ಅವನಿಗೆ ತೋಚುವುದಿಲ್ಲ; ಮೂಳೆಯ ಡಾಕ್ಟರಿಗೆ ಕಣ್ಣಿನ ಸಂಗತಿ ಹೇಳಬೇಕೆಂದೂ ತೋಚುವುದಿಲ್ಲ. ಇದು ಯಾರೋ ಒಬ್ಬನ ಕಥೆಯಲ್ಲ. ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್ ಎಂಬ ಬೆನ್ನುಮೂಳೆಯ ಉರಿಯೂತ ಬಹಳ ಮಂದಿಯಲ್ಲಿ ನಡೆಯುವ ದಾರಿಯೇ ಇದು.

ಆ ಕೆಂಪಿನ ಹೆಸರು ಯೂವಿಯೈಟಿಸ್. ಕಣ್ಣಿನ ಬಿಳಿಯ ಹೊರಗೋಡೆಯ ಒಳಗೆ, ರಕ್ತನಾಳಗಳಿಂದ ತುಂಬಿದ ಕಪ್ಪು ಪದರವೊಂದಿದೆ. ದ್ರಾಕ್ಷಿಗಿರುವ ಲ್ಯಾಟಿನ್ ಪದದಿಂದ ಅದಕ್ಕೆ ಯೂವಿಯಾ ಎಂಬ ಹೆಸರು ಬಂದಿದೆ. ಸಿಪ್ಪೆ ಸುಲಿದ ಕಪ್ಪು ದ್ರಾಕ್ಷಿಯಂತೆ ಕಾಣುವುದರಿಂದ. ಇದರ ಮುಂಭಾಗದ ಉರಿಯೂತಕ್ಕೂ ಎಚ್‌ಎಲ್‌ಎ-ಬಿ27 ಎಂಬ ಆನುವಂಶಿಕ ಗುರುತಿಗೂ, ಅದೇ ಗುರುತಿಗೂ ಬೆನ್ನುಮೂಳೆಯ ಈ ರೋಗಕ್ಕೂ ನಂಟಿದೆಯೆಂದು 1973ರಲ್ಲಿಯೇ ತಿಳಿದುಬಂತು. ಡಬ್ಲಿನ್ ನಗರದ ವೈದ್ಯರು 2015ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಮುಂದೆ ಹೋಯಿತು. ಕಾರಣ ತಿಳಿಯದ ಇಂಥ ಕಣ್ಣುರಿಯೂತದೊಂದಿಗೆ ಬಂದವರನ್ನು ಕೂಲಂಕಷವಾಗಿ ನೋಡಿದಾಗ ಸುಮಾರು 40 ಶೇಕಡಾ ಮಂದಿಯಲ್ಲಿ ಅದುವರೆಗೆ ಪತ್ತೆಯಾಗದ ಬೆನ್ನುಮೂಳೆ ಅಥವಾ ಕೀಲಿನ ಉರಿಯೂತ ಇತ್ತು. ಅವರು ರೂಪಿಸಿದ ಸೂತ್ರ ಸರಳವಾದದ್ದು. 45 ವರ್ಷಕ್ಕೆ ಮೊದಲೇ ಶುರುವಾಗಿ ಮೂರು ತಿಂಗಳಿಗೂ ಹೆಚ್ಚು ಉಳಿದ ಬೆನ್ನುನೋವಿದೆಯೇ, ಕೀಲುನೋವಿದೆಯೇ ಎಂದು ಕೇಳುವುದು. ಇದ್ದರೆ ಬಿ27 ಪರೀಕ್ಷೆ ಮಾಡಿಸುವುದು, ಚರ್ಮದಲ್ಲಿ ಸೋರಿಯಾಸಿಸ್ ಇದೆಯೇ ಎಂದು ನೋಡುವುದು. ಅಗತ್ಯವೆನಿಸಿದರೆ ಸಂಧಿವಾತ ತಜ್ಞರ ಬಳಿಗೆ ಕಳಿಸುವುದು. ಯಂತ್ರಕ್ಕಿಂತ ಮೊದಲು ಇಲ್ಲಿ ಕೆಲಸ ಮಾಡಿದ್ದು ಒಂದು ಪ್ರಶ್ನೆ.

ಕಣ್ಣಿನಿಂದ ಮೈಯನ್ನು ಓದಿದವರ ಪರಂಪರೆಯಲ್ಲಿ ನಮಗೆ ಹೆಚ್ಚು ಆಪ್ತವೆನಿಸುವುದು ಸ್ವೀಡನ್ನಿನ ನೇತ್ರವೈದ್ಯ ಹೆನ್ರಿಕ್ ಶೋಗ್ರೆನ್ ಅವರ ಕಥೆ. ಕಣ್ಣೀರು ಬತ್ತಿದ 19 ಮಹಿಳೆಯರನ್ನು ಪರೀಕ್ಷಿಸಿ ಅವರು 1933ರಲ್ಲಿ ತಮ್ಮ ಡಾಕ್ಟರೇಟ್ ಪ್ರಬಂಧ ಬರೆದರು. ಆ 19 ಮಂದಿಯಲ್ಲಿ 13 ಮಂದಿಗೆ ಕೀಲುಬಾವಿನ ಕಾಯಿಲೆಯೂ ಇತ್ತು. ಕಣ್ಣಿನ ಶುಷ್ಕತೆ, ಬಾಯಿಯ ಶುಷ್ಕತೆ, ಕೀಲಿನ ನೋವು ಮೂರೂ ಒಂದೇ ರೋಗದ ಮುಖಗಳೆಂದು ಅವರು ಕಂಡುಕೊಂಡರು. ವಿಶ್ವವಿದ್ಯಾನಿಲಯದ ಪರೀಕ್ಷಕರು ಪ್ರಬಂಧವನ್ನು ಅಷ್ಟಾಗಿ ಮೆಚ್ಚಲಿಲ್ಲ. ಅಧ್ಯಾಪಕ ವೃತ್ತಿಗೆ ಬೇಕಾದ ಶ್ರೇಣಿ ಅವರಿಗೆ ದಕ್ಕಲಿಲ್ಲ. ಜರ್ಮನ್ ಭಾಷೆಯಲ್ಲಿದ್ದ ಆ ಕೃತಿ ಹತ್ತು ವರ್ಷಗಳ ಮೇಲೆ, 1943ರಲ್ಲಿ, ಆಸ್ಟ್ರೇಲಿಯಾದ ನೇತ್ರವೈದ್ಯರೊಬ್ಬರಿಂದ ಇಂಗ್ಲಿಷಿಗೆ ಅನುವಾದಗೊಂಡ ಮೇಲೆಯೇ ಜಗತ್ತಿನ ಕಣ್ಣು ಅದರತ್ತ ಹೊರಳಿತು. ಇಂದು ಆ ರೋಗಕ್ಕೆ ಅವರದೇ ಹೆಸರು. ಅನುವಾದವೊಂದು ರೋಗಿಗಳಿಗೆ ನ್ಯಾಯ ಒದಗಿಸಿದ ಈ ಪ್ರಸಂಗ, ಎರಡು ಭಾಷೆಗಳ ನಡುವೆ ಬದುಕುವ ನಮಗೆ ವಿಶೇಷವಾಗಿ ಅರ್ಥವಾಗಬೇಕಾದದ್ದು.

ಶೋಗ್ರೆನ್ ರೋಗದಲ್ಲಿ ಬಿಳಿರಕ್ತಕಣಗಳು ಕಣ್ಣೀರಿನ ಮತ್ತು ಜೊಲ್ಲಿನ ಗ್ರಂಥಿಗಳೊಳಗೆ ನೆರೆದು ಅವನ್ನು ಕ್ರಮೇಣ ಬರಡಾಗಿಸುತ್ತವೆ. ರೋಗಿಗಳಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಹೆಂಗಸರು. ಕಣ್ಣಿನಲ್ಲಿ ಮರಳು ಬಿದ್ದಂತೆ ಕರಕರ, ಮಧ್ಯಾಹ್ನದ ಹೊತ್ತಿಗೆ ಉರಿ, ಅತ್ತರೂ ನೀರಿಲ್ಲ. ಪಾಶ್ಚಾತ್ಯ ವೈದ್ಯರು ಒಣ ಬಿಸ್ಕತ್ತನ್ನು ನೀರಿಲ್ಲದೆ ನುಂಗಬಲ್ಲಿರಾ ಎಂದು ಕೇಳುವುದುಂಟು. ನಮ್ಮ ಮನೆಗಳಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ: ಕಡಕ್ ರೊಟ್ಟಿಯ ಪ್ರತಿ ತುತ್ತಿಗೂ ನೀರು ಬೇಕಾಗುತ್ತಿದೆಯೇ? ರಾತ್ರಿ ತಲೆದಿಂಬಿನ ಬಳಿ ತಂಬಿಗೆ ಇಟ್ಟುಕೊಳ್ಳುವುದು ರೂಢಿಯಾಗಿದೆಯೇ? ಹಲ್ಲುಗಳು ಒಂದರ ಹಿಂದೊಂದು ಹುಳುಕಾಗುತ್ತಿವೆಯೇ? ಮೊದಲ ತಪಾಸಣೆಗೆ ದೊಡ್ಡ ಯಂತ್ರವೇನೂ ಬೇಡ. ಕೆಳರೆಪ್ಪೆಯಂಚಿಗೆ ಕಾಗದದ ಪಟ್ಟಿಯೊಂದನ್ನು ಸಿಕ್ಕಿಸಿ, ಐದು ನಿಮಿಷದಲ್ಲಿ ಅದು ಎಷ್ಟು ಮಿಲಿಮೀಟರ್ ಒದ್ದೆಯಾಯಿತೆಂದು ಅಳೆಯುತ್ತಾರೆ. ಐದಕ್ಕಿಂತ ಕಡಿಮೆಯಾದರೆ ಕಣ್ಣೀರು ಸಾಲದೆಂದು ಅರ್ಥ. ಜರ್ಮನಿಯ ಶಿರ್ಮರ್ 1903ರಲ್ಲಿ ಕೊಟ್ಟ ಈ ಪರೀಕ್ಷೆ ಇಂದಿಗೂ ಚಾಲ್ತಿಯಲ್ಲಿದೆ.

ಕಣ್ಣೊಣಗುವುದಕ್ಕೆ ಮೊಬೈಲಿನ ಪರದೆ, ಹವಾನಿಯಂತ್ರಕ, ಮುಟ್ಟು ನಿಲ್ಲುವ ವಯಸ್ಸು, ಕೆಲವು ಮಾತ್ರೆಗಳು ಎಲ್ಲವೂ ಕಾರಣವಾಗಬಲ್ಲವು. ಅವೇ ಹೆಚ್ಚು ಸಾಮಾನ್ಯ ಕಾರಣಗಳು ಕೂಡ. ಆದರೆ ಮನೆಯ ಹೆಂಗಸಿನ ದೂರಿಗೆ ಈ ಸಾಮಾನ್ಯ ಕಾರಣಗಳನ್ನು ಅಂಟಿಸಿ ಕೈತೊಳೆದುಕೊಳ್ಳುವ ಚಪಲ ನಮ್ಮಲ್ಲಿ ತುಸು ಹೆಚ್ಚು. ಈರುಳ್ಳಿ ಹೆಚ್ಚಿದ್ದಕ್ಕೆ ಉರಿ, ಧಾರಾವಾಹಿ ನೋಡಿದ್ದಕ್ಕೆ ಉರಿ, ನಿದ್ದೆಗೆಟ್ಟಿದ್ದಕ್ಕೆ ಉರಿ. ಕೈಬೆರಳು ಬಿಗಿಯುತ್ತದೆಂದರೆ ಬಟ್ಟೆ ಒಗೆದದ್ದರಿಂದ, ದಣಿವೆಂದರೆ ವಯಸ್ಸಿನಿಂದ. ಒಂದೊಂದು ದೂರಿಗೂ ಒಂದೊಂದು ಸಮಾಧಾನ ಸಿಗುತ್ತದೆ. ಎಲ್ಲ ದೂರುಗಳನ್ನು ಒಟ್ಟಿಗೆ ಕೂರಿಸಿ ಕೇಳುವವರು ಸಿಗುವುದಿಲ್ಲ. ತವರು ದೂರದಲ್ಲಿದ್ದು, ನೆರೆಯ ಭಾಷೆ ಇನ್ನೂ ನಾಲಗೆಗೆ ಹತ್ತದ ಹೆಣ್ಣಿನ ಪಾಡಂತೂ ಹೇಳತೀರದು.

ದೂರುಗಳನ್ನು ಒಟ್ಟಿಗೆ ಕೂರಿಸುವುದು ಪರದೇಶದ ವೈದ್ಯರಿಗಷ್ಟೇ ಸಾಧ್ಯವೆಂದು ಭಾವಿಸಬೇಕಾಗಿಲ್ಲ. ಕರ್ನಾಟಕದಲ್ಲಿಯೇ, ಮಂಗಳೂರಿನಲ್ಲಿ, ಅದರ ಉಜ್ವಲ ಉದಾಹರಣೆಯಿದೆ. ದೃಷ್ಟಿನರಕ್ಕೆ ಉರಿಯೂತ ಬಂದಾಗ ಕೆಲವೇ ದಿನಗಳಲ್ಲಿ ಒಂದು ಕಣ್ಣಿನ ನೋಟ ಕುಂದುತ್ತದೆ; ಕಣ್ಣುಗುಡ್ಡೆ ಹೊರಳಿಸಿದರೆ ನೋವಾಗುತ್ತದೆ; ಕೆಂಪು ಬಣ್ಣ ಮಾಸಿದಂತೆ ಕಾಣುತ್ತದೆ. ಹೊರಗಿನಿಂದ ನೋಡಿದರೆ ಕಣ್ಣು ಬೆಳ್ಳಗೆ, ನಿರೋಗಿಯಾಗಿ ಕಾಣುತ್ತದೆ. ಇದು ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ರೋಗದ ಮೊದಲ ಹೆಜ್ಜೆಯಾಗಿರಬಹುದು. ಅಥವಾ ದೃಷ್ಟಿನರ ಮತ್ತು ಬೆನ್ನುಹುರಿ ಎರಡನ್ನೂ ಹಿಡಿಯುವ ನ್ಯೂರೋಮೈಲೈಟಿಸ್ ಆಪ್ಟಿಕಾದ ಹೆಜ್ಜೆಯಾಗಿರಬಹುದು. ಎರಡನೆಯದನ್ನು ಗುರುತಿಸುವ ಪ್ರತಿಕಾಯ ಪತ್ತೆಯಾದದ್ದು 2004ರಲ್ಲಿ. ಅದಕ್ಕೂ ಮೊದಲು ಎರಡನ್ನೂ ಒಂದೇ ಎಂದು ಬಗೆಯುವವರೇ ಹೆಚ್ಚು. ಈ ವ್ಯತ್ಯಾಸ ಬರಿಯ ಪಾಂಡಿತ್ಯದ ಮಾತಲ್ಲ. ಮೊದಲನೆಯದಕ್ಕೆ ಕೊಡುವ ಇಂಟರ್‌ಫೆರಾನ್‌ನಂಥ ಔಷಧ ಎರಡನೆಯದನ್ನು ಉಲ್ಬಣಗೊಳಿಸಬಲ್ಲದು.

ಮಂಗಳೂರಿನ ನರರೋಗ ತಜ್ಞೆ ಡಾ. ಲೇಖಾ ಪಂಡಿತ್ ಮತ್ತು ಅವರ ಸಂಗಡಿಗರು ಇಂಥ ರೋಗಿಗಳ ನೋಂದಣಿಯೊಂದನ್ನು ಕಟ್ಟಿ, ವರ್ಷಾನುಗಟ್ಟಲೆ ಅವರನ್ನು ಹಿಂಬಾಲಿಸುತ್ತ ಬಂದಿದ್ದಾರೆ. ಮಂಗಳೂರು ನಗರದಲ್ಲಿ ಲಕ್ಷಕ್ಕೆ ಸುಮಾರು 8 ಮಂದಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್, 2ರಿಂದ 3 ಮಂದಿಗೆ ನ್ಯೂರೋಮೈಲೈಟಿಸ್ ಇದೆಯೆಂಬ ಲೆಕ್ಕ 2014ರಲ್ಲಿ ಪ್ರಕಟವಾಯಿತು. ಭಾರತದಲ್ಲಿ ಈ ರೋಗಗಳು ಇಲ್ಲವೇ ಇಲ್ಲವೆಂಬಷ್ಟು ವಿರಳವೆಂದು ನಂಬಿದ್ದ ಕಾಲದಲ್ಲಿ, ಎಣಿಸಿ ನೋಡಿದ್ದರಿಂದಲೇ ಅವು ಕಾಣಿಸಿದವು. ವಾರಗಟ್ಟಲೆ ಬಿಡದ ಬಿಕ್ಕಳಿಕೆ, ಕಾರಣವಿಲ್ಲದ ವಾಂತಿ, ಕಾಲಿನ ಜೋಮು ಇವೆಲ್ಲ ಮಂಕಾದ ಕಣ್ಣಿನ ಜೊತೆಗೆ ಓದಬೇಕಾದ ಸಾಲುಗಳೆಂದು ಇಂದು ನರವೈದ್ಯರು ಬಲ್ಲರು. ಬಿಕ್ಕಳಿಕೆಯನ್ನು ಹೊಟ್ಟೆಯ ಡಾಕ್ಟರಿಗೂ ಕಣ್ಣನ್ನು ಕನ್ನಡಕದಂಗಡಿಗೂ ಒಯ್ಯುವ ರೋಗಿಗೆ ಅದು ತಿಳಿದಿರುವುದಿಲ್ಲ.

ಪಟ್ಟಿಯನ್ನು ಉದ್ದ ಮಾಡುವುದು ನಮ್ಮ ಗುರಿಯಲ್ಲ. ಆದರೂ ಮೂರು ಸಂಗತಿಗಳನ್ನು ಬಿಡುವಂತಿಲ್ಲ. ಬೆಳಿಗ್ಗೆ ಸರಿಯಿದ್ದು ಸಂಜೆಗೆ ರೆಪ್ಪೆ ಜೋಲಿದರೆ, ಒಂದು ದೀಪ ಎರಡಾಗಿ ಕಂಡರೆ, ಅದು ಮಯಸ್ತೇನಿಯಾ ಗ್ರೇವಿಸ್ ಎಂಬ ಸ್ನಾಯುದೌರ್ಬಲ್ಯದ ಆರಂಭವಾಗಿರಬಹುದು. ಅರ್ಧಕ್ಕಿಂತ ಹೆಚ್ಚು ರೋಗಿಗಳಲ್ಲಿ ಅದು ಕಣ್ಣಿನಿಂದಲೇ ಶುರುವಾಗುತ್ತದೆ. ಕಣ್ಣು ಮುಂದಕ್ಕೆ ಉಬ್ಬಿದಂತೆ ಕಂಡು, ಜೊತೆಗೆ ಎದೆಬಡಿತ, ತೂಕನಷ್ಟಗಳಿದ್ದರೆ ಥೈರಾಯ್ಡಿನ ಗ್ರೇವ್ಸ್ ರೋಗವನ್ನು ಶಂಕಿಸಬೇಕು. ಮೂರನೆಯದು ಮಕ್ಕಳದು, ಎಲ್ಲಕ್ಕಿಂತ ಮೋಸದ್ದು. ಮಕ್ಕಳ ಕೀಲುವಾತದಲ್ಲಿ ಬರುವ ಕಣ್ಣುರಿಯೂತಕ್ಕೆ ಕೆಂಪೂ ಇಲ್ಲ, ನೋವೂ ಇಲ್ಲ. ಮೂರು ವರ್ಷದ ಮಗು ತನಗೆ ಮಬ್ಬಾಗಿ ಕಾಣುತ್ತಿದೆಯೆಂದು ಹೇಳಲಾರದು. ಮೊಣಕಾಲು ಊದಿದ ಮಗುವನ್ನು, ಕಣ್ಣು ಎಷ್ಟೇ ಸೊಗಸಾಗಿ ಕಂಡರೂ, ಕಣ್ಣಿನ ವೈದ್ಯರು ಸ್ಲಿಟ್ ಲ್ಯಾಂಪಿನಡಿ ನೋಡಲೇಬೇಕು. ಅಪಾಯ ಹೆಚ್ಚಿರುವ ಮಕ್ಕಳನ್ನು ಮೂರು ತಿಂಗಳಿಗೊಮ್ಮೆ ನೋಡಬೇಕು.

ಇಷ್ಟೆಲ್ಲ ತಿಳಿದಿದ್ದರೂ ದೂರು ಏಕೆ ಕೇಳಿಸುವುದಿಲ್ಲ? ಒಂದು ಕಾರಣ ನಮ್ಮ ಹೆಮ್ಮೆಯಲ್ಲಿಯೇ ಇದೆ. ಬೀಳಗಿಯ ಡಾ. ಎಂ. ಸಿ. ಮೋದಿಯವರನ್ನು ಬಲ್ಲದ ಕನ್ನಡಿಗರಿಲ್ಲ. ಊರೂರಿಗೆ ಹೋಗಿ ಶಿಬಿರ ಹೂಡಿ ಕಣ್ಣಿನ ಪೊರೆ ತೆಗೆದ ಅವರು ಒಂದೇ ದಿನ 833 ಶಸ್ತ್ರಕ್ರಿಯೆ ಮಾಡಿದ ದಾಖಲೆಯುಳ್ಳವರು. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಪಡೆದವರು. ದೇಶದ ಅಂಧತ್ವ ನಿಯಂತ್ರಣ ಕಾರ್ಯಕ್ರಮ ಶುರುವಾದದ್ದು 1976ರಲ್ಲಿ. ಮೋದಿಯವರು ಅದಕ್ಕೂ ಎಷ್ಟೋ ವರ್ಷ ಮೊದಲೇ ಹಳ್ಳಿಯ ಶಾಲೆ, ಛತ್ರಗಳನ್ನು ಶಸ್ತ್ರಾಲಯ ಮಾಡಿಕೊಂಡಿದ್ದರು. ಆ ಮಹಾಕಾರ್ಯ ನಮ್ಮ ಮನಸ್ಸಿನಲ್ಲಿ ಒಂದು ಚಿತ್ರವನ್ನು ಅಚ್ಚೊತ್ತಿತು: ಕಣ್ಣಿನ ರೋಗವೆಂದರೆ ಪೊರೆ, ಶಿಬಿರಕ್ಕೆ ಹೋದರೆ, ಪೊರೆ ತೆಗೆದರೆ, ಬೆಳಕು ಬಂದರೆ ಮುಗಿಯಿತು. ಇಂದಿಗೂ ಹೊರನಾಡಿನ ನಮ್ಮ ಸಂಘಗಳು ರಾಜ್ಯೋತ್ಸವಕ್ಕೆ ನೇತ್ರಶಿಬಿರ ಏರ್ಪಡಿಸಿದಾಗ ಅಲ್ಲಿ ಪೊರೆ ಮತ್ತು ಕನ್ನಡಕದ ನಂಬರು ಎರಡನ್ನೇ ನೋಡುತ್ತಾರೆ. ಅದು ಬೇಡವೆನ್ನುವಷ್ಟು ಕೃತಘ್ನರು ನಾವಲ್ಲ. ಆದರೆ ಪೊರೆ ವಯಸ್ಸಾದವರದು. ನಾವು ಹೇಳುತ್ತಿರುವ ರೋಗಗಳು ದುಡಿಯುವ ವಯಸ್ಸಿನವರನ್ನು, ಎಳೆಯ ತಾಯಂದಿರನ್ನು ಹಿಡಿಯುತ್ತವೆ. ಪೊರೆಯನ್ನು ಐದು ವರ್ಷ ತಡವಾಗಿ ತೆಗೆದರೂ ಸಾಮಾನ್ಯವಾಗಿ ನೋಟ ಮರಳುತ್ತದೆ. ಸತ್ತ ದೃಷ್ಟಿನರ ಮರಳುವುದಿಲ್ಲ. ಬೆಸೆದುಕೊಂಡ ಬೆನ್ನುಮೂಳೆ ಬಿಚ್ಚಿಕೊಳ್ಳುವುದಿಲ್ಲ.

ಎರಡನೆಯ ಕಾರಣ ಆ ಹನಿಮದ್ದಿನ ಸೀಸೆ. ಕೆಂಗಣ್ಣಿಗೆಂದು ಅಂಗಡಿಯಲ್ಲಿ ಕೈಗಿಡುವ ಎಷ್ಟೋ ಹನಿಗಳಲ್ಲಿ ಪ್ರತಿಜೀವಕದ ಜೊತೆಗೆ ಸ್ಟೀರಾಯ್ಡ್ ಬೆರೆತಿರುತ್ತದೆ. ಕಾನೂನಿನ ಪ್ರಕಾರ ಸ್ಟೀರಾಯ್ಡ್ ಹನಿಯನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಚೀಟಿ ಕೇಳುವ ಅಂಗಡಿ ನಮಗೆ ಸಿಕ್ಕಿರುವುದು ಅಪರೂಪ. ಸ್ಟೀರಾಯ್ಡ್ ಕೆಟ್ಟ ಮದ್ದಲ್ಲ. ಯೂವಿಯೈಟಿಸಿಗೆ ವೈದ್ಯರು ಕೊಡುವುದೂ ಅದನ್ನೇ, ಆದರೆ ಅಳತೆಯಿಟ್ಟು, ಪಾಪೆ ಹಿಗ್ಗಿಸುವ ಹನಿಯೊಂದಿಗೆ, ಕಣ್ಣಿನ ಒತ್ತಡ ನೋಡುತ್ತ, ಕ್ರಮೇಣ ಇಳಿಸುತ್ತ. ಅಳತೆಯಿಲ್ಲದೆ ತಿಂಗಳುಗಟ್ಟಲೆ ಹಾಕಿಕೊಂಡರೆ ಗ್ಲಾಕೋಮಾ, ಪೊರೆ ಎರಡೂ ಬರಬಲ್ಲವು. ಇನ್ನೊಂದು ಹಾನಿ ಕಣ್ಣಿಗೆ ಕಾಣದ್ದು: ಕೆಂಪು ತಟ್ಟನೆ ಇಳಿಯುವುದರಿಂದ ಸಾಕ್ಷ್ಯ ಅಳಿಸಿಹೋಗುತ್ತದೆ. ವೈದ್ಯರ ಸರದಿ ಬರುವ ಹೊತ್ತಿಗೆ ತೋರಿಸಲು ಏನೂ ಉಳಿದಿರುವುದಿಲ್ಲ.

ಮೂರನೆಯ ಕಾರಣ ಭಾಷೆ. ಸಾಹಿತ್ಯ ಬಳಗವಾದ ನಾವು ಹೆಚ್ಚು ಯೋಚಿಸಬೇಕಾದದ್ದು ಇದನ್ನೇ. ಕಣ್ಣಿನ ನೋವಿಗೆ ಕನ್ನಡದಲ್ಲಿ ಎಷ್ಟೊಂದು ಮಾತುಗಳಿವೆ! ಕರಕರ ಎನ್ನುತ್ತದೆ, ಉರಿಯುತ್ತದೆ, ಚುಚ್ಚುತ್ತದೆ, ಕುಕ್ಕುತ್ತದೆ, ಸೆಳೆಯುತ್ತದೆ, ಕೊರೆಯುತ್ತದೆ, ಮಂಜಾಗುತ್ತದೆ. ಇವು ಅಲಂಕಾರಗಳಲ್ಲ; ಒಂದೊಂದೂ ಒಂದೊಂದು ರೋಗದತ್ತ ಬೆರಳು ಮಾಡುತ್ತದೆ. ಕರಕರ ಶುಷ್ಕತೆಯದು. ಬೆಳಕು ಚುಚ್ಚುವುದು ಯೂವಿಯಾದ ಉರಿಯೂತದ್ದು. ಹುಬ್ಬು, ದವಡೆಗಳವರೆಗೆ ಹಬ್ಬಿ ನಡುರಾತ್ರಿ ಎಬ್ಬಿಸುವ ಕೊರೆತ ಕಣ್ಣಿನ ಬಿಳಿಗೋಡೆಯ ಉರಿಯೂತದ್ದು, ಅಂದರೆ ಸ್ಕ್ಲೆರೈಟಿಸಿನದು. ಅದರ ಹಿಂದೆ ಕೀಲುವಾತವೋ ರಕ್ತನಾಳಗಳ ಉರಿಯೂತವೋ ಇರುವುದು ಅಪರೂಪವಲ್ಲ. ಹೊರಳಿಸಿದಾಗಿನ ಸೆಳೆತ ದೃಷ್ಟಿನರದ್ದು. ಊರಿನ ಡಾಕ್ಟರಿಗೆ ಇಷ್ಟನ್ನೂ ಹೇಳಬಲ್ಲ ನಮ್ಮ ಹೆಣ್ಣುಮಗಳು ಇಲ್ಲಿನ ಹೊರರೋಗಿ ವಿಭಾಗದ ಎರಡು ನಿಮಿಷದಲ್ಲಿ ‘ಡೋಳೆ ದುಖತಾತ’ ಎಂದಷ್ಟೇ ಹೇಳಿ ಸುಮ್ಮನಾಗುತ್ತಾಳೆ. ಮರಾಠಿಯಲ್ಲೂ ಕರಕರಕ್ಕೆ ‘ಖುಪಣೆ’ ಎಂಬ ಸೊಗಸಾದ ಪದವಿದೆ. ಅವಳಿಗೆ ಅದನ್ನು ಯಾರೂ ಹೇಳಿಕೊಟ್ಟಿಲ್ಲ. ಏಳು ಬಗೆಯ ನೋವು ಒಂದೇ ಪದವಾಗಿ ಕುಗ್ಗಿದಾಗ ರೋಗಪತ್ತೆಯೂ ಕುಗ್ಗುತ್ತದೆ.

ವಲಸೆಯ ಇನ್ನೊಂದು ತೊಡಕು ಕಾಗದಪತ್ರಗಳದು. ಮೊದಲ ಸಲ ಕೆಂಪಾದದ್ದು ಬಾಗಲಕೋಟೆಯಲ್ಲಿ, ಎರಡನೆಯದು ಪುಣೆಯ ಗುತ್ತಿಗೆ ಕೆಲಸದಲ್ಲಿದ್ದಾಗ, ಮೂರನೆಯದು ಹಿಂಗಣಾದಲ್ಲಿ. ಮೂರು ಊರಿನ ಮೂರು ಚೀಟಿಗಳಲ್ಲಿ ಎರಡು ಕಳೆದುಹೋಗಿರುತ್ತವೆ. ಪ್ರತಿ ವೈದ್ಯರೂ ಅದನ್ನು ಮೊದಲ ಸಲದ ಕೆಂಗಣ್ಣೆಂದೇ ನೋಡುತ್ತಾರೆ. ಮರುಕಳಿಕೆಯೇ ಈ ರೋಗದ ಗುರುತಾಗಿರುವಾಗ ಮರುಕಳಿಕೆಯ ದಾಖಲೆಯೇ ಇಲ್ಲವೆಂದರೆ ಎಷ್ಟೇ ನುರಿತ ವೈದ್ಯರಾದರೂ ಏನು ಮಾಡಬಲ್ಲರು?

ನಮ್ಮ ವಾದಕ್ಕೆ ಎರಡು ಆಕ್ಷೇಪಗಳು ಬರಬಹುದು. ಇದೆಲ್ಲ ಜನರನ್ನು ಹೆದರಿಸುವ ಕೆಲಸವಲ್ಲವೇ ಎಂಬುದು ಮೊದಲನೆಯದು. ಹೆದರಿದವರು ನೇರವಾಗಿ ಪ್ರಯೋಗಾಲಯಕ್ಕೆ ಹೋಗಿ ದುಬಾರಿ ರಕ್ತಪರೀಕ್ಷೆ ಮಾಡಿಸಿಕೊಳ್ಳುವುದೂ ಉಂಟು. ಅದನ್ನು ನಾವು ಖಂಡಿತ ಬೆಂಬಲಿಸುವುದಿಲ್ಲ. ಬಿ27 ಇರುವ ಬಹುಪಾಲು ಜನ ಬದುಕಿನುದ್ದಕ್ಕೂ ಆರೋಗ್ಯವಾಗಿರುತ್ತಾರೆ. ಎಎನ್‌ಎ ಎಂಬ ಪರೀಕ್ಷೆ ನಿರೋಗಿಗಳಲ್ಲೂ ಎಷ್ಟೋ ಸಲ ಪಾಸಿಟಿವ್ ಬರುತ್ತದೆ. ಲಕ್ಷಣಗಳ ಕಥೆಯಿಲ್ಲದ ಪರೀಕ್ಷೆ ಗೊಂದಲವನ್ನಷ್ಟೇ ಹುಟ್ಟಿಸುತ್ತದೆ. ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು: ಈ ದೇಶದಲ್ಲಿ ಮರುಕಳಿಸುವ ಕಣ್ಣುರಿಯೂತದ ಹಿಂದೆ ಕ್ಷಯವೂ ಇರಬಹುದಲ್ಲ? ನಿಜ. ಕ್ಷಯವನ್ನು ತಳ್ಳಿಹಾಕದೆ ರಕ್ಷಣಾ ವ್ಯವಸ್ಥೆಯನ್ನು ಕುಗ್ಗಿಸುವ ಔಷಧ ಕೊಟ್ಟರೆ ಅಡಗಿದ್ದ ಸೋಂಕು ಭುಗಿಲೇಳುತ್ತದೆ. ಆದರೆ ಈ ಆಕ್ಷೇಪವೂ ಕೊನೆಗೆ ನಮ್ಮ ಮಾತಿಗೇ ಒತ್ತು ಕೊಡುತ್ತದೆ: ಕ್ಷಯವಾಗಲಿ ಸ್ಪಾಂಡಿಲೈಟಿಸ್ ಆಗಲಿ, ಕಣ್ಣನ್ನು ಮೈಯಿಂದ ಬೇರ್ಪಡಿಸಿ ನೋಡಿದರೆ ಎರಡೂ ತಪ್ಪಿಹೋಗುತ್ತವೆ.

ಹಾಗಾದರೆ ಏನು ಮಾಡಬೇಕು? ನಮ್ಮ ಸಲಹೆ ಅಗ್ಗವಾದದ್ದು. ಪ್ರತಿ ಮನೆಯಲ್ಲೂ ಒಂದು ಹಾಳೆ ಇರಲಿ, ಕನ್ನಡದಲ್ಲಿಯೇ ಇರಲಿ. ಕಣ್ಣಿಗೆ ತೊಂದರೆಯಾದಾಗಲೆಲ್ಲ ತಾರೀಖು, ಯಾವ ಕಣ್ಣು, ಪಿಚ್ಚಿತ್ತೇ, ಬೆಳಕು ಚುಚ್ಚಿತೇ, ನೋಟ ಮಬ್ಬಾಯಿತೇ, ಯಾವ ಹನಿ, ಎಷ್ಟು ದಿನ ಎಂದು ಬರೆಯುವುದು. ಅದರ ಕೆಳಗೆ ಮೈಯ ಕುರಿತ ನಾಲ್ಕು ಪ್ರಶ್ನೆಗಳು. ಬೆಳಿಗ್ಗೆ ಸೊಂಟವೋ ಬೆರಳೋ ಅರ್ಧ ಗಂಟೆಗೂ ಮೀರಿ ಬಿಗಿದಿರುತ್ತದೆಯೇ? ಬಾಯಿ ಒಣಗುತ್ತದೆಯೇ, ಬಾಯಲ್ಲಿ ಮೇಲಿಂದ ಮೇಲೆ ಹುಣ್ಣಾಗುತ್ತದೆಯೇ? ಚರ್ಮದಲ್ಲಿ ಹೊಸ ಕಲೆ, ಹೊಪ್ಪಳೆ, ಬಿಳಿಮಚ್ಚೆ ಇದೆಯೇ? ಕೈಕಾಲು ಜೋಮು, ಎರಡೆರಡಾಗಿ ಕಾಣುವುದು, ಬಿಡದ ಜ್ವರ, ಕೆಮ್ಮು, ತೂಕನಷ್ಟ ಏನಾದರೂ ಇದೆಯೇ? ಈ ಹಾಳೆಯನ್ನು ಕಣ್ಣಿನ ಡಾಕ್ಟರಿಗೂ ತೋರಿಸಬೇಕು, ಮೂಳೆಯ ಡಾಕ್ಟರಿಗೂ ತೋರಿಸಬೇಕು. ಕೀಲುವಾತಕ್ಕೂ ಲೂಪಸ್ ರೋಗಕ್ಕೂ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆ ನುಂಗುತ್ತಿರುವವರು ಅದನ್ನೂ ಬರೆಯಬೇಕು. ಆ ಮಾತ್ರೆ ವರ್ಷಗಳ ಮೇಲೆ ಅಕ್ಷಿಪಟಲಕ್ಕೆ ಹಾನಿ ಮಾಡಬಲ್ಲದಾದ್ದರಿಂದ ಆರಂಭದಲ್ಲೊಮ್ಮೆ, ಐದು ವರ್ಷವಾದ ಮೇಲೆ ವರ್ಷಕ್ಕೊಮ್ಮೆ ಕಣ್ಣು ತೋರಿಸಬೇಕು.

ಸಂಘಗಳು ಮಾಡಬೇಕಾದದ್ದು ಇನ್ನೂ ಸ್ವಲ್ಪ ಹೆಚ್ಚು. ರಾಜ್ಯೋತ್ಸವದ ಶಿಬಿರದಲ್ಲಿ ಕನ್ನಡಕದ ಮೇಜಿನ ಪಕ್ಕದಲ್ಲಿ ಈ ಹಾಳೆ ತುಂಬಿಸುವ ಮೇಜೊಂದಿರಲಿ. ಕನ್ನಡ, ಮರಾಠಿ ಎರಡನ್ನೂ ಬಲ್ಲ ನಮ್ಮ ಹುಡುಗ ಹುಡುಗಿಯರು ತಿಂಗಳಿಗೊಂದು ಬೆಳಿಗ್ಗೆ ಆಸ್ಪತ್ರೆಗೆ ಜೊತೆ ಹೋಗಲಿ. ಹಿಂಗಣಾದವರಿಗೆ ಡಿಗಡೋಹ ಗುಡ್ಡದ ವೈದ್ಯಕೀಯ ಕಾಲೇಜು ಹತ್ತಿರದಲ್ಲಿದೆ. ನಗರದಲ್ಲಿ ಸರಕಾರಿ ಮೆಡಿಕಲ್ ಕಾಲೇಜು, ಮಿಹಾನಿನಲ್ಲಿ ಏಮ್ಸ್ ಇವೆ. ಕಣ್ಣಿನ ವಿಭಾಗ, ಮೆಡಿಸಿನ್ ವಿಭಾಗ ಒಂದೇ ಆವರಣದಲ್ಲಿರುವ ಇಂಥ ಕಡೆ, ಒಂದರಿಂದ ಇನ್ನೊಂದಕ್ಕೆ ರೋಗಿಯನ್ನು ಕರೆದೊಯ್ಯಲು ಬೇಕಾದದ್ದು ಭಾಷೆ ಬಲ್ಲ ಒಬ್ಬ ಜೊತೆಗಾರ ಮತ್ತು ತುಂಬಿದ ಒಂದು ಹಾಳೆ. ಕವಿಗೋಷ್ಠಿಗೆ ಕೊಡುವ ಉತ್ಸಾಹದ ಹತ್ತನೆಯ ಒಂದು ಪಾಲು ಇದಕ್ಕೆ ಕೊಟ್ಟರೂ ಕೆಲಸ ನಡೆಯುತ್ತದೆ.

ಹೊರನಾಡಿನಲ್ಲಿ ಕನ್ನಡ ಉಳಿಯಬೇಕೆಂದು ನಾವು ಪ್ರತಿ ವರ್ಷ ಭಾಷಣ ಮಾಡುತ್ತೇವೆ. ಹಾಡಿಗೆ, ನಾಟಕಕ್ಕೆ, ಮಕ್ಕಳ ಅಕ್ಷರಾಭ್ಯಾಸಕ್ಕೆ ಅದು ಬೇಕು, ಸರಿ. ಆದರೆ ತನ್ನ ನೋವು ಚುಚ್ಚುವಂಥದ್ದೋ ಕೊರೆಯುವಂಥದ್ದೋ ಎಂದು ವಿಂಗಡಿಸಿ ಹೇಳಬೇಕಾದ ಕ್ಷಣದಲ್ಲಿ ಮನುಷ್ಯನಿಗೆ ತಾಯಿನುಡಿ ಬೇಕಾದಷ್ಟು ಇನ್ನೆಂದೂ ಬೇಕಾಗುವುದಿಲ್ಲ. ಮುಂದಿನ ಸಲ ನಿಮ್ಮ ಮನೆಯಲ್ಲಿ ಯಾರ ಕಣ್ಣಾದರೂ ಎರಡನೆಯ ಬಾರಿಗೆ ಕೆಂಪಾದರೆ, ಅಂಗಡಿಗೆ ಹೊರಡುವ ಮುನ್ನ ಅವರನ್ನು ಕೂರಿಸಿಕೊಂಡು ಕೇಳಿ: ಕಣ್ಣಿಗೆ ಏನಾಗುತ್ತಿದೆ, ಮೈಗೆ ಏನಾಗುತ್ತಿದೆ? ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದಿಟ್ಟುಕೊಂಡು ವೈದ್ಯರ ಬಳಿಗೆ ನಡೆಯಿರಿ.